ಗಾಳಿ ನಮ್ಮಾಳಲ್ಲ

ಇವತ್ತಿನ ಕೊನೆಯ ಪೀರಿಯಡ್. ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ, ಗಾಳಿಯನ್ನು ಕೂಗಿ ಕರೆಯುವ ಕವಿಯೊಬ್ಬನ ಹಳೆಯ ಇಂಗ್ಲಿಷ್ ಪದ್ಯ ಪಾಠ ಮಾಡುತ್ತಿದ್ದೆ. ಎಷ್ಟನೇ ವರ್ಷವೋ, ನನಗೇ ಸಾಕಾಗಿದೆ. ಕಿಟಕಿಯಾಚೆ ರಾಗಿಹುಲ್ಲು ತುಂಬಿದ ಟ್ರ್ಯಾಕ್ಟರ್ ಹೋಯಿತು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಹುಡುಗನಾಗಿ ನಮ್ಮೂರು ಹಳೇಕೋಟೆಯ ಕಣದಲ್ಲಿದ್ದೆ.

ತುಳಿಸಿದ ರಾಗಿ ಗುಡ್ಡೆ ಬಿದ್ದಿತ್ತು. ಹೊಟ್ಟು ತೂರಲು ತಾತ ಮೊರ ಹಿಡಿದು ಮುಕ್ಕಾಲಿಯ ಮೇಲೆ ನಿಂತಿದ್ದರು. ಅವರ ರೆಪ್ಪೆಯ ಮೇಲೂ ಧೂಳು. ಗಾಳಿ ಮಾತ್ರ ಇಲ್ಲ. ಗುಡಿಯೊಳಗಿನಂತೆ ಕಣದೊಳಗೂ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ, ಬಾಯಿಗೆ ಬಂದಂತೆ ಬಯ್ಯುವಂತಿರಲಿಲ್ಲ. ಮೇಲೆ ಮೋಡ ಕವಿಯುತ್ತಿತ್ತು. ಮಳೆ ಬಿದ್ದರೆ ವರ್ಷದ ರಾಗಿಯೆಲ್ಲ ನೆನೆದುಹೋಗುತ್ತಿತ್ತು.

"ಹಾಳಾದ್ ಗಾಳಿ, ಎಲ್ಲಿ ಸತ್ತೋಯ್ತೋ" ಎಂದು ಚಿಕ್ಕಪ್ಪ ಗೊಣಗಿದರು.

"ಸುಮ್ಕೆ ಕುಂತ್ಕಳ್ಲಾ. ಅದೇನ್ ನಮ್ಮಾಳಾ, ಕೂಗುದ್ರೆ ಬರಾಕೆ?" ಎಂದರು ತಾತ.

ಬಹಳ ಹೊತ್ತಿನ ಮೇಲೆ ಬೇಲಿಯ ಹೊಂಗೆ ಮರದ ಎಲೆ ಅಲುಗಿತು. ತಾತ ಮೊರವನ್ನು ಹಣೆಗೆ ಮುಟ್ಟಿಸಿ, ಎತ್ತಿ ಸುರಿದರು. ಹೊಟ್ಟು ನನ್ನ ಮುಖಕ್ಕೆಲ್ಲ ಹಾರಿತು. ರಾಗಿ ಮುಕ್ಕಾಲಿಯ ಬುಡಕ್ಕೆ ನೆಟ್ಟಗೆ ಬಿತ್ತು.

"ಸಾ, ನೋಟ್ಸು" ಎಂದಳು ಮುಂದಿನ ಬೆಂಚಿನ ಹುಡುಗಿ.

ಪ್ರತಿ ವರ್ಷದಂತೆ ಬರೆಸಿದೆ: 'ಇಲ್ಲಿ ಗಾಳಿ ದೈವದ ಸಂಕೇತ.'

ಬರೆದುಕೊಂಡವಳು ತಲೆ ಎತ್ತಿದಳು. "ಅಂಗಾರೆ ಅದು ನಿಜವಾದ್ ಗಾಳಿ ಅಲ್ವಾ ಸಾ?"

"ನಿಜವಾದದ್ದೇ ಕಣಮ್ಮ" ಎಂದೆ. "ಪರೀಕ್ಷೇಲಿ ಮಾತ್ರ ಸಂಕೇತ ಅಂತ ಬರಿ."