ಪಟ್ಟಿಯಿಂದ ಹೊಡೆದುಹಾಕಿದ ಕಾದಂಬರಿ

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಕೋಲ್ಕತ್ತಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಇಲ್ಲಿನ ಕನ್ನಡ ಬಳಗದವರು ನನಗೊಂದು ಕೆಲಸ ಒಪ್ಪಿಸಿದರು: ಹದಿಹರೆಯದ ಮಕ್ಕಳು ಓದಬಹುದಾದ ಹತ್ತು ಕಾದಂಬರಿಗಳನ್ನು ಆರಿಸಿಕೊಡಬೇಕು. ದಿನವಿಡೀ ಕೌಂಟರಿನಲ್ಲಿ ಕೂತು ಸೊಂಟ ಹಿಡಿದಿದ್ದರೂ ಹ್ಞೂಂ ಅಂದೆ. ಬೆಹಾಲಾದ ಮನೆಗೆ ಮರಳುವ ಬಸ್ಸಿನಲ್ಲಿ, ಸೀಟು ಸಿಕ್ಕ ದಿನಗಳಲ್ಲಿ, ಎರಡು ತಿಂಗಳು ಓದಿದೆ.

ಸಭೆಯಲ್ಲಿ ಪಟ್ಟಿ ಕರಗತೊಡಗಿತು. ಇದರಲ್ಲಿ ಪ್ರೇಮವಿದೆ, ಬೇಡ. ಇದರಲ್ಲಿ ಹುಡುಗ ಅಪ್ಪನಿಗೆ ಎದುರಾಡುತ್ತಾನೆ. ಇನ್ನೊಂದರಲ್ಲಿ ಹದಿನಾರರ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ.

“ಇಂಥದ್ದನ್ನೆಲ್ಲ ನಾವೇ ಮಕ್ಕಳ ಕೈಗೆ ಕೊಡೂದಾ ಮಾರಾಯ್ರೆ?” ಎಂದರು ಕೇಟರಿಂಗ್ ನಡೆಸುವ ಉಡುಪಿ ಕಡೆಯ ಹಿರಿಯರು.

ವಾದಿಸುವ ತ್ರಾಣವಿರಲಿಲ್ಲ. ಪೆನ್ನು ತೆಗೆದು ನಾನೇ ಹೊಡೆದುಹಾಕಿದೆ. ಉಳಿದದ್ದು ಮೂರು.

ಪಕ್ಕದಲ್ಲಿ ಕೂತಿದ್ದ ನನ್ನ ಮಗಳಿಗೆ ಹದಿನೈದು. ಮನೆಗೆ ಬಂದವಳೇ, “ಅಮ್ಮಾ, ಆ ಮನೆ ಬಿಟ್ಟು ಹೋಗೋ ಹುಡುಗಿ ಸ್ಟೋರಿ ನಂಗೆ ಬೇಕು” ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಗಟ್ಟಿಯಾಗಿ ಓದಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.

ಪ್ರತಿ ಭಾನುವಾರ ಮಧ್ಯಾಹ್ನ ಊಟದ ನಂತರ ಓದುತ್ತಿದ್ದೆ. ನಾಲ್ಕು ಪುಟವಾಗುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. “ದೆನ್? ಆಮೇಲೆ ಏನಾಯ್ತು?” ಎಂದು ಅವಳು ಭುಜ ಅಲ್ಲಾಡಿಸುತ್ತಿದ್ದಳು.

ಹುಡುಗಿ ಮನೆ ಬಿಡುವ ಅಧ್ಯಾಯ ಬಂತು. ಅಲ್ಲಿ ದಣಿದು ಬಂದ ತಾಯಿ, ನೀನಿಲ್ಲದಿದ್ದರೆ ನಾನು ಎಲ್ಲಾದರೂ ಸುಖವಾಗಿರುತ್ತಿದ್ದೆ ಎಂದು ಮಗಳಿಗೆ ಹೇಳುತ್ತಾಳೆ. ಹಿಂದಿನ ವರ್ಷ ಅಡುಗೆಮನೆಯಲ್ಲಿ ನಾನೂ ಹೆಚ್ಚುಕಡಿಮೆ ಆ ಮಾತನ್ನೇ ಆಡಿದ್ದೆ. ಎರಡು ಹಾಳೆ ಒಟ್ಟಿಗೆ ತಿರುಗಿಸಿದೆ.

“ನೀನು ಸ್ಕಿಪ್ ಮಾಡಿದೆ.”

“ಅಲ್ಲಿ ಎಂಥದೂ ಇಲ್ಲ ಮಾರಾಯ್ತಿ.”

“ಇದೆ. ಓದು.”

ಸ್ವರ ಏರಿಸದೆ ಓದಿದೆ. ಮುಗಿಸಿದಾಗ ಅವಳು ತಿರುಗುವ ಫ್ಯಾನು ನೋಡುತ್ತಾ ಮಲಗಿದ್ದಳು.

“ನೀನೂ ಹೇಳಿದ್ದೆ.”

“ಹೌದು. ತಪ್ಪಾಯ್ತು ಮಗಾ.”

“ನೀನು ಟೈರ್ಡ್ ಆಗಿದ್ದೆ, ಐ ನೋ. ಬಟ್ ತುಂಬಾ ದಿನ ಅತ್ತಿದ್ದೆ ನಾನು.”

ನನಗೆ ಗೊತ್ತೇ ಇರಲಿಲ್ಲ. ಅವಳ ತಲೆಗೂದಲಲ್ಲಿ ಕೈಯಿಟ್ಟೆ. ಅವಳು ಕೈ ಸರಿಸಲಿಲ್ಲ.

ಕಾದಂಬರಿ ಮುಗಿಯಲು ದಸರೆ ಹೊತ್ತಿನ ಇಲ್ಲಿಯ ಪೂಜೋ ರಜೆಯವರೆಗೂ ಹಿಡಿಯಿತು. ಇನ್ನೊಂದು ಓದು ಎನ್ನುತ್ತಿದ್ದಾಳೆ. ಬ್ರಾಂಚಿನಲ್ಲಿ ಆಡಿಟ್ ನಡೆದಿದೆ, ಮುಗಿಯಲಿ ಎಂದಿದ್ದೇನೆ.