ಅರವತ್ತೆರಡು ಹೆಜ್ಜೆ ಹಿಂದಿನ ಬಾಳೆಕಂಬ

ಕಳೆದ ಬೇಸಿಗೆಯಲ್ಲಿ ನಮ್ಮ ಕುಟುಂಬದಲ್ಲಿ ಒಂದು ಕಥೆ ಹುಟ್ಟಿ, ಮೂರೇ ವಾರಗಳಲ್ಲಿ ಬಲಿತು, ಎಲ್ಲರ ಬಾಯಲ್ಲೂ ಒಂದೇ ರೂಪದಲ್ಲಿ ನಿಂತುಬಿಟ್ಟಿತ್ತು. ನನ್ನ ಹೆಂಡತಿ ಹೈವೇಯಲ್ಲಿ ಗಾಬರಿಬಿದ್ದು ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸಿ ಓಡಿದಳು, ಅದರಿಂದಲೇ ಟೆಂಪೋ ಬಂದು ಹಿಂದಿನಿಂದ ಗುದ್ದಿತು, ಈ ವಯಸ್ಸಿನಲ್ಲಿ ಅವಳ ಕೈಗೆ ಕಾರು ಕೊಡಬಾರದು. ಇಷ್ಟು ಆ ಕಥೆ. ಎಲ್ಲರೂ ಒಂದೇ ಮಾತಿನಲ್ಲಿ ಹೇಳುವ ಸಂಗತಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮಾಟುಂಗದ ಹೋಟೆಲೊಂದರ ಅಡುಗೆಮನೆ ಸೇರಿದವನು ನಾನು. ಆಮೇಲೆ ಕಲಿತದ್ದೆಲ್ಲ ಮಧ್ಯಾಹ್ನದ ಬಿಡುವಿನಲ್ಲಿ, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಿದ ಪುಸ್ತಕಗಳಿಂದ. ಹಾಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಇದನ್ನು ಹೇಳಿದವರು ಯಾರು, ಅವರು ಕಣ್ಣಾರೆ ಕಂಡಿದ್ದರೇ ಎಂದು ಕೇಳುವ ಚಟ. ಆದರೂ ಈ ಒಂದು ಕಥೆಯನ್ನು ನಾನು ಮೂರು ವಾರ ಪ್ರಶ್ನಿಸಲಿಲ್ಲ. ಏಕೆಂಬುದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದ ಮೇಲೂ ಬಲಗಣ್ಣು ಪೂರ್ತಿ ತಿಳಿಯಾಗದೆ ಉಳಿದಾಗ, ಕಾರಿನ ಕೀಲಿ ವರ್ಷವಿಡೀ ಮೊಳೆಯಲ್ಲಿ ತೂಗಾಡಿತು. ಒಂದು ದಿನ ಅದು ಕಾಣಲಿಲ್ಲ. ಐವತ್ತೊಂಬತ್ತರ ಹೆಂಗಸು ನನಗೆ ಹೇಳದೆ ಡ್ರೈವಿಂಗ್ ಕಲಿಯಲು ಹೋಗಿದ್ದಳು. ಕಲಿಸಿದಾಕೆ ನಾವಿರುವ ಸಯನ್‌ನಲ್ಲೇ ಇದ್ದ ಒಬ್ಬ ಮರಾಠಿ ಹೆಂಗಸು. ಮಾತು ಕಡಿಮೆ, ಬೈಗುಳ ಹೆಚ್ಚು ಎಂದು ಕೇಳಿದ್ದೇನೆ. ಅಂದಿನಿಂದ ನಾಲ್ಕು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನನ್ನವಳು ನಮ್ಮ ಬಿಲ್ಡಿಂಗಿನ ಇಬ್ಬರು ಹಿರಿಯ ಹೆಂಗಸರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾಟುಂಗಕ್ಕೆ ಹೂ, ಎಲೆ, ತರಕಾರಿಗೆ ಹೋಗುತ್ತಿದ್ದಳು. ಬಸ್ಸಿನ ಮೆಟ್ಟಿಲು ಹತ್ತಲಾಗದ ಆ ಇಬ್ಬರಿಗೆ ವಾರದಲ್ಲಿ ಅದೊಂದೇ ಹೊರಸಂಚಾರ. ಅವಳಿಗೂ ಅಷ್ಟೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ಮೇ ತಿಂಗಳ ಆ ಭಾನುವಾರ ಬೊರಿವಲಿಯ ಮಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಡಿಕ್ಕಿಯ ತುಂಬ ಕೇದಗೆ ಎಲೆಯ ಕೊಟ್ಟೆಯಲ್ಲಿ ಇಡ್ಲಿಹಿಟ್ಟು ಹೊಯ್ದು ಬೇಯಿಸಿದ ಮೂಡೆಗಳ ದೊಡ್ಡ ಪಾತ್ರೆ, ತೆಂಗಿನಕಾಯಿ, ಬಾಳೆಎಲೆಯ ಕಟ್ಟು. ಮಂಟಪಕ್ಕೆ ಕಟ್ಟಲು ಎಲೆಸಮೇತ ಎರಡು ಬಾಳೆಕಂಬಗಳನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದ್ದೆವು. ಅವುಗಳ ಎಲೆ ನನ್ನ ಕಿವಿಯನ್ನು ಕೆರೆಯುತ್ತಿತ್ತು. ಜೋಗೇಶ್ವರಿ ಹತ್ತಿರದ ಒಂದು ಫ್ಲೈಓವರ್ ಏರುವಾಗ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿನತ್ತ ವಾಲಿತು. ನಾನು ಆ ಕಾರಿನ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದವನು.

"ನಿಲ್ಲಿಸು! ಮುಳ್ಳು ಕೆಂಪಿಗೆ ಬಂತು. ಕೂಡಲೇ ಎಂಜಿನ್ ಬಂದ್ ಮಾಡಬೇಕು ಅಂತ ಪುಸ್ತಕದಲ್ಲಿ ಉಂಟು."

"ಈ ಏರಿನಲ್ಲಿ ನಿಲ್ಲಿಸಿದ್ರೆ ಪುಸ್ತಕ ಓದ್ಲಿಕ್ಕೆ ನೀವೇ ಇರುದಿಲ್ಲ. ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ."

ಅವಳು ಏಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದಳು. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

"ಮೇ ತಿಂಗಳಲ್ಲಿ ಹೀಟರಾ? ತಲೆ ಸಮ ಉಂಟಾ ನಿಂಗೆ?"

"ಎಂಜಿನ್ನಿನ ಬಿಸಿ ಸ್ವಲ್ಪ ಈ ಕಡೆ ಬರ್ಲಿ. ಬೆವರಿದ್ರೆ ಯಾರೂ ಸಾಯುದಿಲ್ಲ."

ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸಿಕೊಂಡು, ಎಡಬದಿಯನ್ನೇ ಹಿಡಿದು, ಇಳಿಜಾರಿನಲ್ಲಿ ಹೆಚ್ಚುಕಡಿಮೆ ತೇಲಿಸಿದಂತೆ ಅವಳು ಕಾರನ್ನು ಕೆಳಗಿಳಿಸಿದಳು. ರಸ್ತೆ ಸ್ವಲ್ಪ ಅಗಲವಾಗುವಲ್ಲಿ, ಕಬ್ಬಿಣದ ಬೇಲಿಯಾಚೆ ಗಿಡ ಮಾರುವ ನರ್ಸರಿಯೊಂದಿತ್ತು. ಎಡಗಾಲಿಗಳನ್ನು ಮಣ್ಣಿಗೆ ಹತ್ತಿಸಿ ಅಲ್ಲಿ ನಿಲ್ಲಿಸಿದಳು. ನಾನು ಇಳಿದೆ. ಅವಳ ಬದಿಯಲ್ಲಿ ಬಸ್ಸು ಲಾರಿಗಳು ಕನ್ನಡಿಗೆ ತಾಗುವಷ್ಟು ಹತ್ತಿರದಲ್ಲಿ ಹೋಗುತ್ತಿದ್ದವು. ಆ ಬಾಗಿಲನ್ನು ಅವಳು ಮುಟ್ಟಲೇ ಇಲ್ಲ. ಬಾನೆಟ್ಟಿನ ಹಿಡಿ ಎಳೆದು, ಪೂಜೆಗೆಂದು ಉಟ್ಟ ರೇಷ್ಮೆ ಸೀರೆಯ ನೆರಿಗೆ ಎತ್ತಿಕಟ್ಟಿ, ಗೇರಿನ ಕೋಲನ್ನು ದಾಟಿ, ನನ್ನ ಸೀಟಿನ ಮೂಲಕ ಎಡಬಾಗಿಲಿನಿಂದ ಹೊರಬಂದಳು. ನಾನು ನಕ್ಕೆನೆಂದು ನೆನಪು.

ಬಾನೆಟ್ ಎತ್ತಿದಾಗ ಹಬೆ ಮೇಲೆದ್ದಿತು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಆದರೆ ದಪ್ಪ ಅಕ್ಷರವನ್ನೂ ಒಂದು ಅಭಿಪ್ರಾಯವೆಂದೇ ಎಣಿಸುವುದು ನನ್ನ ಅಭ್ಯಾಸ. ತಯಾರಿಸಿದವರು ತಮ್ಮ ಮೇಲೆ ದೂರು ಬಾರದಂತೆ ಹೆದರಿಸಿ ಬರೆಯುತ್ತಾರೆಂದು ತರ್ಕಿಸಿ, ಹೆಗಲ ಮೇಲಿದ್ದ ಬೈರಾಸನ್ನು ಕೈಗೆ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಿದೆ.

"ಹೋಯ್! ನಿಮ್ಮ ಇಡ್ಲಿ ಬಾಯ್ಲರ್ ಆಗಿದ್ರೆ ಹೀಗೆ ತೆಗೀತಿದ್ರಾ?"

ನನ್ನ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷ ನಾನು ಇಡ್ಲಿ ಬಾಯ್ಲರಿನ ಮುಂದೆ ನಿಂತವನು. ಬೆಂಕಿ ಆರಿಸು, ಹಬೆ ಇಳಿಯಲಿ, ಮುಚ್ಚಳವನ್ನು ನಿನ್ನಿಂದ ಆಚೆಗೆ ಎತ್ತು ಎಂದು ಎಷ್ಟು ಜನರಿಗೆ ಬೈದಿದ್ದೇನೋ ಲೆಕ್ಕವಿಲ್ಲ. ಆ ಪಾಠವನ್ನು ನಾನು ಕಲಿತ ದಿನದ ಗುರುತು ಎಡ ಮಣಿಕಟ್ಟಿನ ಮೇಲೆ ಇನ್ನೂ ಇದೆ. ಮದುವೆಯಾದ ಹೊಸತರಲ್ಲಿ ಅದಕ್ಕೆ ದಿನಾ ಮುಲಾಮು ಹಚ್ಚಿದವಳು ಇವಳೇ. ಸೋತಾಗ ಮಾಡುವುದನ್ನೇ ನಾನು ಮಾಡಿದೆ: ಸಿಟ್ಟು ಮಾಡಿಕೊಂಡೆ.

ಇಂಥ ಹೊತ್ತಿನಲ್ಲಿ ಹಿಂದೆ ಇಡಬೇಕಾದ ಕೆಂಪು ತ್ರಿಕೋನ ನಮ್ಮಲ್ಲಿತ್ತು. ಅದನ್ನು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಜೋಪಾನವಾಗಿ ಡಿಕ್ಕಿಯ ತಳದಲ್ಲಿಟ್ಟವನು ನಾನು. ಅದರ ಮೇಲೆ ಅರವತ್ತು ಮೂಡೆ.

"ಈಗ ಹಿಂದೆ ನಿಂತು ಡಿಕ್ಕಿ ಅಗೀಬೇಡಿ," ಎಂದು ಅವಳು ಎಡಗಡೆಯ ಹಿಂಬಾಗಿಲು ತೆಗೆದು ಒಂದು ಬಾಳೆಕಂಬವನ್ನು ಎಳೆದಳು.

"ದೇವರಿಗೆ ಅಂತ ತಂದದ್ದು ಮಾರಾಯ್ತಿ!"

"ದೇವರಿಗೆ ಒಂದು ಸಾಕು. ಇನ್ನೊಂದು ನಮಗೆ."

ಲಾರಿ ಕೆಟ್ಟು ನಿಂತಲ್ಲೆಲ್ಲ ಹಿಂದೆ ಒಂದು ಹಸಿರು ಕೊಂಬೆ ಇಟ್ಟಿರುವುದನ್ನು ಈ ದೇಶದ ರಸ್ತೆಗಳಲ್ಲಿ ಯಾರು ಕಂಡಿಲ್ಲ? ಕೊಂಬೆ ಕಂಡರೆ ಮುಂದೆ ಗಾಡಿ ನಿಂತಿದೆ ಎಂದು ಓದು ಬಾರದ ಚಾಲಕನಿಗೂ ತಿಳಿಯುತ್ತದೆ. ಅವಳು ಬೇಲಿಯ ಒಳಬದಿಯಿಂದಲೇ ಹಿಂದಕ್ಕೆ ನಡೆದು, ಬಹುದೂರದಲ್ಲಿ, ಎಲೆಗಳು ರಸ್ತೆಯತ್ತ ಬಾಗುವಂತೆ ಕಂಬವನ್ನು ಬೇಲಿಗೆ ಸಿಕ್ಕಿಸಿ ಬಂದಳು. ಅಷ್ಟರಲ್ಲಿ ನಾನು ಕಾರಿನೊಳಗೆ ಕೂತು ಕೈಪಿಡಿ ತೆರೆದಿದ್ದೆ. ಅವಳು ಬಂದಳು, ನಾನು ಇಳಿದೆ, ಇಬ್ಬರೂ ಬೇಲಿ ದಾಟಿ ನರ್ಸರಿಯ ಬೋರಲು ಹಾಕಿದ ಕುಂಡಗಳ ಮೇಲೆ ಕುಳಿತೆವು. ಕೆಟ್ಟ ಗಾಡಿಯನ್ನು ಎಳೆದೊಯ್ಯುವವರಿಗೆ ಅವಳು ಫೋನ್ ಮಾಡಿದಳು. ಹತ್ತು ನಿಮಿಷ ಕಳೆದಿರಬಹುದು. ಬ್ರೇಕಿನ ಕಿರುಚು, ಆಮೇಲೆ ತಗಡು ಮಡಚಿಕೊಂಡ ಸದ್ದು. ತರಕಾರಿಯ ಟೆಂಪೋ ಒಂದು ನಮ್ಮ ಕಾರನ್ನು ಹಿಂದಿನಿಂದ ಗುದ್ದಿ, ಒಂದು ಮಾರು ಮುಂದಕ್ಕೆ ತಳ್ಳಿ ನಿಂತಿತು. ನಾನು ಕೂತಿದ್ದ ಸೀಟಿನ ಬೆನ್ನು ಮುರಿದು ಮುಂದಕ್ಕೆ ಬಾಗಿತ್ತು.

ಟೆಂಪೋ ಚಾಲಕ ಇಳಿದು ಬಂದ. "ಕೇಲೇ ಕಾ ಝಾಡ್ ದೇಖಾ ತಬೀ ಬ್ರೇಕ್ ಮಾರಾ ಅಂಕಲ್. ನಹೀ ತೋ ಪೂರಾ ಅಂದರ್ ಘುಸ್ ಜಾತಾ." ಬಾಳೆಗಿಡ ಕಂಡದ್ದರಿಂದಲೇ ಬ್ರೇಕ್ ಹಾಕಿದೆ, ಇಲ್ಲದಿದ್ದರೆ ಪೂರ್ತಿ ಒಳಗೆ ನುಗ್ಗುತ್ತಿತ್ತು ಎಂದು ಅವನು ತಾನಾಗಿಯೇ ಹೇಳಿದ. ನನ್ನವಳು ಅವನಿಗೆ ನೀರು ಕೊಟ್ಟಳು.

ಅದೇ ಹೊತ್ತಿಗೆ ಅಳಿಯನ ಫೋನ್. ಬೆಂಗಳೂರಿನವನು, ನಮ್ಮ ಮೇಲೆ ಬಹಳ ಪ್ರೀತಿಯುಳ್ಳವನು. "ಇವಳು ದಾರಿಯಲ್ಲಿ ನಿಲ್ಲಿಸಿದ್ಳು, ಹಿಂದಿನಿಂದ ಟೆಂಪೋ ಗುದ್ದಿತು. ನಾವು ಗಾಡಿ ಬಿಟ್ಟು ಓಡಿ ಬಂದದ್ದಕ್ಕೆ ಬದುಕಿದೆವು," ಎಂದೆ. ಓಡಿ ಎಂಬುದೊಂದನ್ನು ಬಿಟ್ಟರೆ ಯಾವ ಮಾತೂ ಸುಳ್ಳಲ್ಲ. ಒಟ್ಟು ಸೇರಿದಾಗ ಅದು ಸುಳ್ಳು. ಫ್ಲೈಓವರ್, ಹೀಟರ್, ಮುಚ್ಚಳ, ಬಾಳೆಕಂಬ, ಯಾವುದನ್ನೂ ನಾನು ಹೇಳಲಿಲ್ಲ.

ಕಾರು ಗ್ಯಾರೇಜಿಗೆ ಹೋಯಿತು, ನಾವು ಟ್ಯಾಕ್ಸಿಯಲ್ಲಿ ಬೊರಿವಲಿ ಸೇರಿದೆವು. ಒಂದೇ ಕಂಬದ ಮಂಟಪದಲ್ಲಿ ಪೂಜೆ ತಡವಾಗಿ ನಡೆಯಿತು. ಊಟದ ಹೊತ್ತಿಗೆ ಅಳಿಯ ಮೆಲ್ಲನೆ, "ಮಾವ, ಅತ್ತೆಗೆ ಇನ್ನು ಡ್ರೈವಿಂಗ್ ಸಾಕು. ಗ್ಯಾರೇಜಿಂದ ಬಂದ ತಕ್ಷಣ ಗಾಡಿನ ನಾವಿಲ್ಲಿ ಇಟ್ಕೋತೀವಿ. ನಿಮಗೆ ಬೇಕಾದಾಗ ಕ್ಯಾಬ್ ಬುಕ್ ಮಾಡ್ತೀನಿ," ಎಂದ. ನಾನು ಬಡಿಸಿಕೊಂಡ ಪಾಯಸವನ್ನೇ ನೋಡುತ್ತಿದ್ದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಆಯ್ತಪ್ಪ," ಎಂದಳು. ನಿಜ ಹೇಳಬೇಕಾದರೆ ಮುಚ್ಚಳಕ್ಕೆ ಹಾಕಿದ ಕೈಯನ್ನೂ ಹೇಳಬೇಕಾಗುತ್ತಿತ್ತು, ನಾನು ಸುಮ್ಮನಿದ್ದೆ.

ಅದಾದ ಮೂರನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ ಸದ್ದು. ಹಿಂದಿನ ಸೀಟಿನ ಇಬ್ಬರಲ್ಲಿ ದೊಡ್ಡವರು, ಹೂವಿನ ಬುಟ್ಟಿ ಹಿಡಿದು ನಿಂತಿದ್ದರು.

"ಇವತ್ತಾದ್ರೂ ಉಂಟಾ?"

"ಗಾಡಿ ರಿಪೇರಿಗೆ ಹೋಗಿದೆ ಅಕ್ಕ," ಎಂದಳು ನನ್ನ ಹೆಂಡತಿ. ತನಗೆ ಓಡಿಸಲು ಬಿಡುತ್ತಿಲ್ಲ ಎಂದು ಹೇಳಲಿಲ್ಲ. ಗಂಡ ಸುಮ್ಮನಿದ್ದಾನೆ ಎಂದೂ ಹೇಳಲಿಲ್ಲ.

ಆ ದಿನವೇ ನಾನು ಲೋಕಲ್ ರೈಲು ಹಿಡಿದು ಜೋಗೇಶ್ವರಿಯಲ್ಲಿ ಇಳಿದು, ರಿಕ್ಷಾದಲ್ಲಿ ಆ ನರ್ಸರಿಗೆ ಹೋದೆ. ಅಲ್ಲಿಂದ ಇಳಿಜಾರು ಸರಿಯಾಗಿ ಕಾಣುತ್ತಿತ್ತು. ಒಂದು ಗಂಟೆ ನಿಂತು ನೋಡಿದೆ. ಏರಿನ ನೆತ್ತಿಯನ್ನು ದಾಟುವವರೆಗೆ ಕೆಳಗೇನಿದೆಯೆಂದು ಯಾವ ಗಾಡಿಗೂ ಕಾಣುವುದಿಲ್ಲ. ಮೇಲೆ ಫ್ಲೈಓವರಿನ ಬದಿಯಲ್ಲಿ ಒಂದು ಸೈಕಲ್ಲು ನಿಲ್ಲುವಷ್ಟೂ ಜಾಗವಿಲ್ಲ. ನಾನು ನಿಲ್ಲಿಸು ಎಂದು ಕೂಗಿದ್ದು ಆ ನೆತ್ತಿಯ ಬಳಿ. ಬಾಳೆಕಂಬ ಸಿಕ್ಕಿಸಿದ್ದ ಜಾಗದಿಂದ ಕಾರು ನಿಂತಿದ್ದ ಜಾಗದವರೆಗೆ ಬೇಲಿಯ ಒಳಗಿನಿಂದ ಹೆಜ್ಜೆ ಹಾಕಿದೆ. ಅರವತ್ತೆರಡು.

ನರ್ಸರಿಯವನು ನನ್ನನ್ನು ಗುರುತಿಸಿದ. "ಆಪ್ಕಾ ಕೇಲಾ ತೋ ಬಕ್ರೀ ಖಾ ಗಯೀ," ಎಂದು ನಕ್ಕ; ಕಂಬವನ್ನು ಆಡು ತಿಂದು ಮುಗಿಸಿತ್ತು. ಮೇಡಂ ಹೇಗಿದ್ದಾರೆಂದು ವಿಚಾರಿಸಿದ. ಆಮೇಲೆ ಕೆಲಸದ ಆಳಿಗೆ ನನ್ನನ್ನು ತೋರಿಸಿ, ತನ್ನ ಅಂಗಿಯ ಕಾಲರನ್ನು ತಾನೇ ಹಿಡಿದು ಎಳೆದು ಅಭಿನಯಿಸಿದ. ಈ ಮುದುಕ ಒಳಗೆ ಪುಸ್ತಕ ಹಿಡಿದು ಕೂತಿದ್ದ, ಬರುವುದಿಲ್ಲ ಎಂದು ಹಟ ಹಿಡಿದಿದ್ದ, ಆ ತಾಯಿ ಅಕ್ಕಿಮೂಟೆ ಇಳಿಸುವ ಹಾಗೆ ಎಳೆದು ಹೊರಹಾಕಿದಳು ಎಂದು ಅವನ ಹಿಂದಿಯ ಸಾರಾಂಶ.

ನಾನೇ ಇಳಿದೆ ಎಂದು ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ಏಕೆಂದರೆ ಆವರೆಗೂ ನನಗೆ ನೆನಪಿದ್ದದ್ದು ಹಾಗೆಯೇ. ಲೋಕದ ನೆನಪನ್ನೆಲ್ಲ ಅನುಮಾನಿಸುವವನು ತನ್ನದನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮನೆಗೆ ಬಂದು ಅಂದಿನ ಅಂಗಿಯನ್ನು ಹುಡುಕಿದೆ. ಕಾಲರಿನ ಹೊಲಿಗೆ ಬಿಚ್ಚಿಹೋದ ಕಡೆ ಅವಳು ಸದ್ದಿಲ್ಲದೆ ಹೊಸ ದಾರ ಹಾಕಿದ್ದಳು.

ಮುಂದಿನ ಶುಕ್ರವಾರ ಸಂಜೆ ಗ್ಯಾರೇಜಿನಿಂದ ಕಾರು ಬಂತು. ಒಯ್ಯಲೆಂದು ಮಗಳು ಅಳಿಯ ಇಬ್ಬರೂ ಬಂದರು. ಕಾಫಿ ತಣ್ಣಗಾಗುವವರೆಗೆ ನಾನು ಮಾತಾಡಿದೆ. ಫ್ಲೈಓವರಿನ ನೆತ್ತಿಯಿಂದ ಕಾಲರಿನವರೆಗೆ ಯಾವುದನ್ನೂ ಬಿಡಲಿಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಆದ್ರೆ ಮಾವ, ಅವತ್ತು ಫೋನಲ್ಲಿ ನೀವೇ ಹೇಳಿದ್ರಲ್ಲ, ನಿಲ್ಲಿಸಿ ಓಡಿದ್ರು ಅಂತ?"

"ಹೇಳಿದೆ. ಈ ಕಥೆಯನ್ನು ಮೊದಲು ಹೇಳಿದವನು ನಾನೇ. ಅವಳು ಓಡಲಿಲ್ಲ. ನನ್ನನ್ನು ಎಳೆದಳು."

ಮಗಳು ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನೀನಾದ್ರೂ ಹೇಳ್ಬಾರ್ದಿತ್ತಾ?"

"ನಾನು ಹೇಳಿದ್ರೆ ಇವರು ಅನುಮಾನ ಪಡ್ತಿದ್ರು," ಎಂದಳು ಅವಳು. "ಇವರೇ ಕಂಡುಹಿಡಿದ್ರೆ ಮಾತ್ರ ಸತ್ಯ. ಮೂರು ವಾರ ಆಗ್ತದೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ಅಳಿಯ ಕೀಲಿಯನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. "ಅತ್ತೆ, ಆ ಹೀಟರ್ ವಿಷಯ ನಂಗೂ ಗೊತ್ತಿರ್ಲಿಲ್ಲ," ಎಂದ ಸಂಕೋಚದಿಂದ. ಇಬ್ಬರೂ ಟ್ಯಾಕ್ಸಿಯಲ್ಲಿ ಹಿಂತಿರುಗಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲೇ ಬಿಲ್ಡಿಂಗಿನ ಅಂಗಳದಲ್ಲಿ ಹೂಬುಟ್ಟಿ ಹಿಡಿದ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತಾಗಿತ್ತು. ತ್ರಿಕೋನದ ಪ್ಲಾಸ್ಟಿಕ್ ಹರಿದು ಅದನ್ನು ನನ್ನ ಸೀಟಿನ ಕೆಳಗೆ, ಕೈಗೆ ಸಿಗುವಲ್ಲಿ ಇಟ್ಟಿದ್ದೆ. ಅವಳು ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈಯಿಟ್ಟು ನೋಡಿದಳು.

"ರಾತ್ರಿಯಿಡೀ ನಿಂತಿದೆ, ತಣ್ಣಗಿದೆ. ನೀರು ಎಷ್ಟುಂಟು ನೋಡ್ಬೇಕು. ಬನ್ನಿ, ಈಗ ತೆಗೀರಿ ನಿಮ್ಮ ಮುಚ್ಚಳ."

ನಾನು ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಕೈಗೆ ಸುತ್ತಿದೆ. ಮುಖವನ್ನು ಆಚೆ ತಿರುಗಿಸಿಕೊಂಡು, ಬಾಯ್ಲರಿನ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತು, ಮೆಲ್ಲಗೆ ತಿರುಗಿಸಿದೆ. ಹಿಂದಿನ ಸೀಟಿನಿಂದ ದೊಡ್ಡವರು, "ಎಂತ ಆಯ್ತು, ಹಾವು ಉಂಟಾ ಒಳಗೆ?" ಎಂದು ಕೇಳಿದರು. ನನ್ನ ಹೆಂಡತಿ ಬಾನೆಟ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.