ಸೆಂಟಮ್ಮ ಬಂತಾ?

ಹೊಸೂರಿನ ಮೂಕಂಡಪಲ್ಲಿ ಬಸ್‌ಸ್ಟಾಪಿನ ಹತ್ತಿರ ಒಂದು ವರ್ಷವಿಡೀ ನಿಮ್ಮ ಅಕ್ಕನ ಫೋಟೋ ನೇತಾಡುತ್ತಿತ್ತು. ಹತ್ತನೇ ಕ್ಲಾಸಿನ ರಿಸಲ್ಟ್ ಬಂದಾಗ ಅವಳ ಸ್ಕೂಲಿನವರು ಕಟ್ಟಿಸಿದ ಫ್ಲೆಕ್ಸು. ಬಿಸಿಲಿಗೆ ಬಣ್ಣ ಹೋಗಿ, ಮೂಗಿನ ಹತ್ತಿರ ಹರಿದರೂ ಯಾರೂ ಬಿಚ್ಚಲಿಲ್ಲ. ನಾನು ತರಕಾರಿಗೆ ಹೋದಾಗಲೆಲ್ಲ ಅಂಗಡಿಯವಳು, “ಏನಮ್ಮ, ನಿಮ್ ಮೊಮ್ಮಗಳು ನಮ್ಮೆಲ್ರಿಗಿಂತ ಮೇಲ್ಗಡೆ ನಿಂತ್ಬುಟ್ಟವ್ಳಲ್ಲ!” ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಕ್ಕಳೇ, ಈಗ ಕೃಷ್ಣಗಿರಿಯಲ್ಲಿ ನೀವೂ ಅಂಥದ್ದೇ ಒಂದು ಸ್ಕೂಲಿಗೆ ಸೇರಿದ್ದೀರಿ. ನಿಮಗೆ ಇದನ್ನು ಬಾಯಲ್ಲಿ ಹೇಳಲು ನನಗಾಗದು. ನಾಲ್ಕು ಜನ ಕೂತಿದ್ದರೆ ಅಡುಗೆಮನೆಗೆ ಸರಿಯುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಜವಳಗಿರಿಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ ಅಕ್ಷರ ಇವು. ರಜೆಯಲ್ಲಿ ನಿಮಗೂ ನಾನೇ ಕಲಿಸಿದ್ದು. ಒಂದು ಟೆಸ್ಟೂ ಇಡದೆ ಕಲಿಸಿದೆ, ನೀವೂ ಕಲಿತಿರಿ.

ನಿಮ್ಮ ತಾತ ಹೋದ ಮೇಲೆ ನಾನು ದೊಡ್ಡ ಮಗನ ಮನೆಗೆ, ಅಂದರೆ ನಿಮ್ಮ ದೊಡ್ಡಪ್ಪನ ಮನೆಗೆ ಬಂದೆ. ನಿಮ್ಮ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಫ್ಯಾಕ್ಟರಿ ಶಿಫ್ಟಿನವರು. ಬೆಳಿಗ್ಗೆ ಅಕ್ಕನ ತಲೆ ಬಾಚುವುದೂ ಸಂಜೆ ಅವಳಿಗೆ ಬಾಗಿಲು ತೆಗೆಯುವುದೂ ನನ್ನ ಪಾಲಿಗೆ ಬಂದಿತ್ತು. ಪ್ಲಸ್ ಟೂ ಸೇರಿದ ಮೇಲೆ ಅವಳ ಬಾಯಲ್ಲಿ ಹೊಸ ಹೆಸರೊಂದು ಕೇಳತೊಡಗಿತು. ಫೋನಿನಲ್ಲಿ, “ಇವತ್ತು ಸೆಂಟಂ ಬರ್ಲಿಲ್ಲ ಕಣೇ” ಎನ್ನುವಳು. “ನಾಳೆ ಬಂದೇ ಬತ್ತದೆ” ಎನ್ನುವಳು. ನಮ್ಮ ಕಡೆ ಚಿನ್ನಮ್ಮ, ಚೆಂಗಮ್ಮ ಇರುವ ಹಾಗೆ ಇವಳು ಸೆಂಟಮ್ಮ, ಯಾರೋ ತಮಿಳರ ಹುಡುಗಿ ಎಂದುಕೊಂಡೆ. ಹೆಣ್ಣುಮಕ್ಕಳನ್ನೂ ಬಂತು, ಹೋಯ್ತು ಎಂದೇ ಆಡುವವರು ನಾವು. ನನಗೆ ಅನುಮಾನ ಎಲ್ಲಿಂದ ಬರಬೇಕು?

ಅಷ್ಟು ಓದುವ ಹುಡುಗಿಗೆ ಒಬ್ಬ ಗೆಳತಿಯಾದರೂ ಇದ್ದಾಳಲ್ಲ ಎಂದು ನನಗೆ ಸಮಾಧಾನ. ದಿನಾ ಸಂಜೆ ಅವಳು ಬ್ಯಾಗು ಇಳಿಸುವಷ್ಟರಲ್ಲೇ ಕೇಳುತ್ತಿದ್ದೆ: “ಸೆಂಟಮ್ಮ ಬಂತಾ ಇವತ್ತು?”

“ಬಂತಜ್ಜಿ” ಎಂದರೆ ಸಂತೋಷ. “ಬರ್ಲಿಲ್ಲ” ಎಂದರೆ, “ಅಯ್ಯೋ, ಯಾಕಂತೆ? ನಾಳೆ ತಪ್ಪದಂಗೆ ಬರ್ಲಿ ಬಿಡು” ಎನ್ನುತ್ತಿದ್ದೆ. ಅವಳ ಮುಖ ಸಣ್ಣಗಾಗುತ್ತಿತ್ತು. ಗೆಳತಿ ಬರದ ಬೇಸರ ಎಂದುಕೊಳ್ಳುತ್ತಿದ್ದೆ. ಆರು ತಿಂಗಳು ಹೀಗೇ ಕೇಳಿದೆ.

ಒಂದು ಬೆಳಿಗ್ಗೆ ಎರಡು ಜಡೆ ಹಾಕಲು ಬೈತಲೆ ತೆಗೆಯುವಾಗ ಎಡಗಿವಿಯ ಹಿಂದೆ ಬಾಚಣಿಗೆ ಜಾರಿತು. ಕೂದಲು ಸರಿಸಿ ನೋಡಿದೆ. ಎಂಟಾಣೆ ಅಗಲ ಜಾಗ ಅಂಗೈಯಷ್ಟು ನುಣ್ಣಗಿತ್ತು.

“ಏನಮ್ಮಿ ಇದು?”

“ಬೋರ್ ನೀರಜ್ಜಿ. ಎಲ್ರಿಗೂ ಉದುರ್ತದೆ.”

ನಂಬಿದೆ. ಮೆಂತ್ಯ ಅರೆದು ಹಚ್ಚಿದೆ. ಜಾಗ ದೊಡ್ಡದಾಯಿತು. ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಮೇಜಿನ ಸುತ್ತ ಗುಡಿಸುತ್ತಿದ್ದೆ. ತೆರೆದಿಟ್ಟ ಮ್ಯಾಥ್ಸ್ ಗೈಡಿನ ಹಾಳೆಗಳ ನಡುವೆ ಉದ್ದುದ್ದ ಕೂದಲು. ಒಂದೊಂದರ ತುದಿಗೂ ಬಿಳಿಯ ಬೇರು. ತಾನಾಗಿ ಉದುರುವ ಕೂದಲು ಪುಸ್ತಕದೊಳಗೆ ಅಷ್ಟೊಂದು ಬೀಳುವುದಿಲ್ಲ. ಅವಳು ಬಂದು ಓದಲು ಕೂತಾಗ ಪೊರಕೆ ಹಿಡಿದು ಬಾಗಿಲಲ್ಲೇ ನಿಂತೆ. ಬಲಗೈ ಲೆಕ್ಕ ಮಾಡುತ್ತಿತ್ತು. ಎಡಗೈ ಕಿವಿಯ ಹಿಂದೆ ಹೋಯಿತು, ಒಂದೆಳೆ ಸುತ್ತಿತು, ಕಿತ್ತಿತು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ.

“ಯಾಕಮ್ಮಿ ಹಿಂಗ್ ಕಿತ್ಕೊಂತೀಯ?”

“ಗೊತ್ತಾಗಲ್ಲಜ್ಜಿ. ಕೈ ತಾನೇ ಹೋಗ್ಬುಡ್ತದೆ.”

“ನಂಗ್ ಹೇಳಕ್ಕಾಗ್ದಿದ್ರೆ ಆ ಸೆಂಟಮ್ಮಂಗಾದ್ರೂ ಹೇಳ್ಬೌದಿತ್ತಲ್ಲ.”

“ಯಾರ್ಗೆ?”

“ನಿನ್ ಗೆಳತಿ ಸೆಂಟಮ್ಮಂಗೆ.”

ನನ್ನನ್ನೇ ನೋಡಿದಳು. ಆಮೇಲೆ ನಗು ಬಂತು ನೋಡಿ ಅವಳಿಗೆ, ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅದು ಅಳುವಾಗಿದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ.

“ಅಜ್ಜಿ, ಅದು ಹುಡ್ಗಿ ಅಲ್ಲ. ನೂರಕ್ಕೆ ನೂರು ಬಂದ್ರೆ ಸೆಂಟಂ ಅಂತಾರೆ. ಸಾರ್ ಕೇಳ್ತಾರೆ, ಅಪ್ಪ ಕೇಳ್ತಾರೆ. ನೀನೊಬ್ಳಾದ್ರೂ ಕೇಳಲ್ಲ ಅಂದ್ಕಂಡಿದ್ದೆ. ಬಾಗ್ಲಲ್ಲೇ ಕೇಳ್ತಿದ್ದೆ ನೀನು.”

ಕೈಯಲ್ಲಿದ್ದ ಪೊರಕೆಯಿಂದ ನನಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಉಳಿದದ್ದನ್ನೂ ಅವತ್ತೇ ಹೇಳಿದಳು. ಚೆನ್ನಾಗಿ ಓದುವವರನ್ನೆಲ್ಲ ಆರಿಸಿ ಸ್ಪೆಷಲ್ ಸೆಕ್ಷನ್ ಎಂದು ಮಾಡಿದ್ದರು. ಅಲ್ಲಿ ದಿನಾ ಟೆಸ್ಟು. ನೂರಕ್ಕೆ ಎಷ್ಟು ಕಡಿಮೆಯಾಯಿತೋ ಅಷ್ಟನ್ನು ಅಂಗೈಯಲ್ಲಿ ಬರೆದುಕೊಳ್ಳಬೇಕು, ಮನೆ ಸೇರುವವರೆಗೂ ಅಳಿಸಬಾರದು. ತೊಂಬತ್ತೇಳು ಬಂದರೆ ಕೈಯಲ್ಲಿ ಮೂರು! ಆ ಮೂರು, ಎರಡುಗಳನ್ನು ನಾನೂ ನೋಡಿದ್ದೆ, ಹೋಂವರ್ಕಿನ ಗುರುತು ಎಂದುಕೊಂಡಿದ್ದೆ. ತೊಂಬತ್ತೇಳು ತೆಗೆದ ಮಗುವಿನ ಕೈಗೆ ಬರೆಸುತ್ತಾರಲ್ಲ, ಅವರ ಮನೆಯಲ್ಲಿ ಮಕ್ಕಳಿಲ್ಲವೇ?

ನಿಮ್ಮ ದೊಡ್ಡಪ್ಪನಿಗೆ ಹೇಳಿದೆ. “ಪಬ್ಲಿಕ್ ಪರೀಕ್ಷೆಗೆ ಇನ್ನೆರಡೇ ತಿಂಗ್ಳು ಅವ್ವ. ಆಮೇಲೆ ಡಾಕ್ಟ್ರಿಗೆ ತೋರ್ಸಾನ” ಎಂದ.

“ಆಮೇಲೆ ತೋರ್ಸಕ್ಕೆ ಏನ್ಲಾ ಉಳ್ದಿರ್ತದೆ, ಬುರುಡೇನಾ?” ಎಂದೆ. ಮಗನ ಮುಂದೆ ನಾನು ಎತ್ತರದ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅವನು ಊಟ ಬಿಟ್ಟು ಎದ್ದ. ಏಳಲಿ ಎಂದುಕೊಂಡೆ.

ಬಾಚಿದಾಗ ಬಂದ ಕೂದಲನ್ನು ಉಂಡೆ ಸುತ್ತಿ, ಥೂ ಎಂದು ಉಗಿದು ಹೊರಗೆಸೆಯುವುದು ನಮ್ಮ ರೂಢಿ. ಅವತ್ತು ಗೈಡಿನೊಳಗಿನ ಕೂದಲನ್ನೆಲ್ಲ ಆರಿಸಿ ಪೇಪರಿನಲ್ಲಿ ಮಡಿಸಿಟ್ಟೆ. ಮಾರನೆಯ ದಿನ ಒಬ್ಬಳೇ ಸ್ಕೂಲಿಗೆ ಹೋದೆ. ಗೇಟಿನ ತನಕ ಹೋಗಿ ಒಂದು ಸಲ ಹಿಂದಕ್ಕೆ ತಿರುಗಿದೆ, ಸುಳ್ಳು ಹೇಳುವುದಿಲ್ಲ.

ಸೆಕ್ಷನ್ನಿನ ಸಾರ್, “ಉಕ್ಕಾರುಂಗ ಪಾಟಿ”, ಕೂತ್ಕೊಳ್ಳಿ ಅಜ್ಜಿ, ಎಂದು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನಿಮ್ಮ ಮೊಮ್ಮಗಳು ಚಿನ್ನ, ಮ್ಯಾಥ್ಸಿನಲ್ಲಿ ಸೆಂಟಂ ಗ್ಯಾರಂಟಿ ಎಂದು ತಮಿಳಿನಲ್ಲಿ ಹೊಗಳಿದರು. ನಾನು ಪೊಟ್ಟಣ ಬಿಚ್ಚಿ ಅವರ ಮುಂದಿನ ಆನ್ಸರ್ ಶೀಟುಗಳ ಮೇಲಿಟ್ಟೆ. ಅವರು ಕೈ ಹಿಂದಕ್ಕೆಳೆದುಕೊಂಡು, “ಎನ್ನ ಪಾಟಿ ಇದು?” ಎಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ತಮಿಳೆಲ್ಲ ಮರೆತುಹೋಯಿತು. “ನಿಮ್ ಸೆಂಟಂ ಕಣಪ್ಪ. ಎಣ್ಸ್ಕಳಿ” ಎಂದೆ.

ಹೊಸೂರಿನವರು, ಕನ್ನಡ ಬಾರದೇನಲ್ಲ. “ಸ್ವಲ್ಪ ಪ್ರೆಶರ್ ಇರಬೇಕಮ್ಮ. ಬೇರೆ ಮಕ್ಕಳೆಲ್ಲ ಚೆನ್ನಾಗೇ ಇದ್ದಾರಲ್ಲ” ಎಂದರು.

“ಅವರ ತಲೆ ಬಾಚಿ ನೋಡಿದ್ದೀರಾ?”

ಅವರು ಪೊಟ್ಟಣದ ಕೆಳಗಿನಿಂದ ಆನ್ಸರ್ ಶೀಟುಗಳನ್ನು ಎಳೆದುಕೊಂಡರು. ಇನ್ನು ಸಂಜೆ ಟೆಸ್ಟಿಗೆ ಅವಳು ನಿಲ್ಲುವುದಿಲ್ಲ, ಕೈ ಮೇಲೆ ಬರೆಯುವುದೂ ಇಲ್ಲ ಎಂದೆ. ಹಾಗಾದರೆ ಈ ಸೆಕ್ಷನ್ನಿನಲ್ಲಿ ಇರಲಾಗುವುದಿಲ್ಲ ಎಂದರು. ಬೇಡ, ಮಾಮೂಲಿ ಕ್ಲಾಸಿಗೇ ಹಾಕಿ ಎಂದು ಬಂದೆ.

ನಿಮ್ಮ ದೊಡ್ಡಪ್ಪ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೂ ಮಗಳ ಕಿವಿಯ ಹಿಂದೆ ಒಂದು ಸಲ ನೋಡಿ, ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಷ್ಟನ್ನು ಹೇಳಬೇಕು. ಆ ಡಾಕ್ಟರಮ್ಮ ಎಡಗೈಗೆ ಏನಾದರೂ ಕೆಲಸ ಕೊಡಿ ಎಂದರಂತೆ. ಅವರೆಕಾಯಿಯ ಕಾಲ. ರಾತ್ರಿ ನೆನೆಸಿದ ಕಾಳನ್ನು ಬಟ್ಟಲಲ್ಲಿ ಹಾಕಿ ಪುಸ್ತಕದ ಪಕ್ಕ ಇಟ್ಟೆ. ಅವಳು ಓದುತ್ತಾ ಒಂದೊಂದೇ ಕಾಳು ಹಿತುಕಿ ಸಿಪ್ಪೆ ಹಾರಿಸುತ್ತಿದ್ದಳು. ದಿನಾ ಹಿತುಕಬೇಳೆ ಸಾರು ತಿಂದು ಮನೆಯವರಿಗೆಲ್ಲ ಬೇಸತ್ತಿತು. ಕೈ ಒಮ್ಮೊಮ್ಮೆ ಕಿವಿಯ ಕಡೆಗೆ ಹೋಗುತ್ತಲೂ ಇತ್ತು.

ಪರೀಕ್ಷೆ ಬರೆದಳು. ಎಷ್ಟು ಬಂತು ಎಂದು ನಾನಿಲ್ಲಿ ಬರೆಯುವುದಿಲ್ಲ. ಈ ಕಾಗದದಲ್ಲಿ ಮೊದಲು ಅದನ್ನೇ ಹುಡುಕುತ್ತೀರಿ ಎಂದು ಗೊತ್ತು, ಹುಡುಕಬೇಡಿ.

ಹೋದ ವಾರ ನಾನು ನಿಮ್ಮ ಮನೆಯಲ್ಲಿದ್ದಾಗ ನಿಮ್ಮಲ್ಲಿ ಚಿಕ್ಕವಳು ಬಾಗಿಲಿಂದಲೇ “ಅಜ್ಜಿ, ಸೆಂಟಂ!” ಎಂದು ಓಡಿಬಂದಳು. ನನಗೆ ಗೊತ್ತಿಲ್ಲದೆಯೇ ನನ್ನ ಮುಖ ಅರಳಿಬಿಟ್ಟಿತು. ಇಷ್ಟೆಲ್ಲ ಕಂಡ ಮೇಲೂ ಅರಳುತ್ತದಲ್ಲ, ಆ ಮುಖಕ್ಕಿಷ್ಟು ಬೆಂಕಿ ಹಾಕ. “ಬಾ ಇಲ್ಲಿ, ತಲೆ ಬಾಚ್ತೀನಿ” ಎಂದು ಕೂರಿಸಿಕೊಂಡೆ. ನೆತ್ತಿ, ಹಿಂದಲೆ, ಎರಡೂ ಕಿವಿಯ ಹಿಂದೆ ಕೂದಲು ಸರಿಸಿ ಸರಿಸಿ ನೋಡಿದೆ.

“ಏನಜ್ಜಿ, ಹೇನಾ?” ಎಂದಳು.

“ಹೂಂ, ಹೇನೇ. ಅಲ್ಲಾಡ್ಬೇಡ” ಎಂದೆ.